ಹುಳಿ ಎಂದು ಬರೆದವರು

ಅಥಣಿ ಕಡೆಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ನಾನು ಕಂಪ್ಯೂಟರ್ ಆಪರೇಟರ್ ಆಗಿದ್ದೆ. ಸುತ್ತಲಿನ ತೋಟಗಳ ಒಣದ್ರಾಕ್ಷಿ, ನಮ್ಮ ಕಡೆ ಅನ್ನುವ ಹಾಗೆ ಮಣೂಕ, ಪೆಟ್ಟಿಗೆಗಳಲ್ಲಿ ಬಂದು, ಒಳ್ಳೆಯ ದರ ಬರುವವರೆಗೂ ಒಳಗೆ ತಣ್ಣಗೆ ಕೂರುತ್ತಿದ್ದವು. ನಾವು ಹೊರಗೆ ಬೆವರು ಒರೆಸಿಕೊಳ್ಳುತ್ತ ಕೂರುತ್ತಿದ್ದೆವು.

ಇದ್ದದ್ದು ಮೂರು ಕಂಪ್ಯೂಟರು. ಗೇಟಿನ ಬಳಿಯದರಲ್ಲಿ ಭೋಜ ಊರಿನ ಕಾಕಾ ಬಂದ ಮಾಲಿನ ವಿವರ ಹಾಕುತ್ತಿದ್ದರು. ಸ್ಯಾಂಪಲ್ ಕೋಣೆಯ ಅಕ್ಕ ಬಣ್ಣ, ಗಾತ್ರ ನೋಡಿ ಗ್ರೇಡ್ ಹಾಕುತ್ತಿದ್ದಳು. ನಾನು ಮೂರನೆಯದರ ಮುಂದೆ ಕೂತು ರೈತರಿಗೆ ಚೀಟಿ ತೆಗೆದುಕೊಡುತ್ತಿದ್ದೆ. ಮೂವರೂ ಬರೆಯುತ್ತಿದ್ದದ್ದು ಒಂದೇ ಡೇಟಾಬೇಸಿಗೆ. ಒಬ್ಬರು ಒಂದು ಲಾಟ್, ಅಂದರೆ ಒಬ್ಬ ರೈತರ ಮಾಲಿನ ದಾಖಲೆ, ತಿದ್ದಲು ಕೈಹಾಕಿ ಅರ್ಧಕ್ಕೆ ಬಿಟ್ಟರೆ, ಅವರು ಮುಗಿಸುವವರೆಗೂ ಉಳಿದವರಿಗೆ ಅದರಲ್ಲಾಗಲಿ ಅದರ ಆಚೀಚಿನ ಲಾಟುಗಳಲ್ಲಾಗಲಿ ಒಂದಕ್ಷರ ಬರೆಯಲು ಬರುತ್ತಿರಲಿಲ್ಲ. ‘ಬೇರೊಬ್ಬರು ಈ ದಾಖಲೆ ಬಳಸುತ್ತಿದ್ದಾರೆ’ ಎಂದು ಪರದೆ ಹೇಳುತ್ತಿತ್ತು. ಯಾರು ಎಂದು ಮಾತ್ರ ಹೇಳುತ್ತಿರಲಿಲ್ಲ.

ಆ ಸೀಜನ್ನಿನಲ್ಲಿ ದಿನವೂ ಮಧ್ಯಾಹ್ನ ಊಟದ ಹೊತ್ತಿಗೆ ಈ ಕಾಟ ಶುರುವಾಯಿತು.

“ಕಾಕಾ, ಅದರಾಗಿಂದ ಹೊರಗ ಬರ್ರಿ,” ಎಂದು ಅಕ್ಕ ಕಿಟಕಿಯಿಂದ ಕೂಗುತ್ತಿದ್ದಳು.

“ನಾ ಒಳಗ ಹೋಗೇ ಇಲ್ಲ, ಹೊರಗ ಎಲ್ಲಿಂದ ಬರ್ಲಿ?” ಎಂದು ಕಾಕಾ ಅಲ್ಲಿಂದಲೇ ಕೂಗುತ್ತಿದ್ದರು. “ನೀನ ಇದ್ದೀಯೇನ ನೋಡ್ಕೋ ಮೊದಲ!”

ಚೀಟಿಗಾಗಿ ಕಾಯುತ್ತಿದ್ದ, ಹತ್ತಿರದ ಅನಂತಪುರದ ಹಿರಿಯರೊಬ್ಬರು ಇದನ್ನೆಲ್ಲ ಕೇಳಿ, ದನಿ ತಗ್ಗಿಸಿ ನನ್ನನ್ನು ವಿಚಾರಿಸಿದರು: “ತಂಗಿ, ಒಳಗ ಯಾರರೆ ಕುಂತಾರೇನು? ನನಗೇನ ಅವಸರಿಲ್ಲ, ಸಾವಕಾಶ ಬರ್ಲಿ ಬಿಡು.” ಅವರು ಯಾವ ಕೋಣೆಯನ್ನು ನೆನೆದು ಹಾಗೆಂದರೋ ನನಗೆ ಹೊಳೆದು, ನಗು ತಡೆಯಲು ಮೇಜಿನ ಕೆಳಗೆ ಪೆನ್ನು ಹುಡುಕುವವಳಂತೆ ಬಗ್ಗಿದೆ.

ಇಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಒಂದು ದಿನ ಮಾಲಕರ ತಮ್ಮನ ಹೆಂಡತಿ ತಮ್ಮ ಮಾಲಿನ ಚೀಟಿ ಒಯ್ಯಲು ಬಂದರು. ಅಣ್ಣತಮ್ಮಂದಿರು ಬೇರೆಯಾಗಿ ಬಹಳ ಕಾಲವಾಗಿತ್ತು, ತೋಟಗಳು ಮಾತ್ರ ಅಕ್ಕಪಕ್ಕ. ನಾನು ತೆಗೆದುಕೊಟ್ಟ ಚೀಟಿ ಓದುತ್ತಿದ್ದಂತೆ ಅವರ ಮುಖ ಕೆಂಪಾಯಿತು. ಗ್ರೇಡ್ ಒಂದನೆಯದೇ ಇತ್ತು. ಅದರ ಕೆಳಗೆ, ಷರಾ ಎಂಬಲ್ಲಿ, ‘ಭಾಳ ಹುಳಿ’ ಎಂದಿತ್ತು.

“ಹುಳಿ? ನಮ್ಮ ಮಣೂಕ ಹುಳಿ? ಯಾರ ಬರದವ್ರು? ಕರೀರಿ ಅವ್ರನ್ನ!”

ಅಕ್ಕ ತಾನಲ್ಲ ಎಂದಳು. ಕಾಕಾ ತಮಗೆ ಹಲ್ಲಿನ ನೋವು, ದ್ರಾಕ್ಷಿ ಮುಟ್ಟಿಯೇ ಇಲ್ಲ ಎಂದರು. ಗದ್ದಲಕ್ಕೆ ಮಾಲಕರು ಹೊರಬಂದರು. ತಮ್ಮನ ಹೆಂಡತಿಯನ್ನು ಸಮಾಧಾನ ಮಾಡಿ ಕಳಿಸಿ, ನಮ್ಮ ಕಡೆ ತಿರುಗಿದರು. “ಸಂಜಿ ಒಳಗ ನನಗ ಗೊತ್ತಾಗಬೇಕ ನೋಡ್ರಿ, ಇದು ಯಾರ ಕೈಕೆಲಸಾ ಅಂತ.” ಹಾಗೆಂದು ಟ್ರಕ್ ತುಂಬಿಸಲು ಹೋದರು.

ನಾನು ಮೂರೂ ಕಂಪ್ಯೂಟರ್ ಬಂದ್ ಮಾಡಿಸಿದೆ. ಡೇಟಾಬೇಸ್ ಇದ್ದದ್ದು ಮೂಲೆಯ ಸರ್ವರಿನಲ್ಲಿ. ಯಾರಾದರೂ ಅದನ್ನು ತೆರೆದಾಗ ಪಕ್ಕದಲ್ಲಿ ಒಂದು ಸಣ್ಣ ಫೈಲು ತಾನಾಗಿ ಹುಟ್ಟಿಕೊಳ್ಳುತ್ತದೆ, ಕೊನೆಯವರು ಮುಚ್ಚಿದಾಗ ಮಾಯವಾಗುತ್ತದೆ. ಮೂವರೂ ಹೊರಗೆ ಬಂದಿದ್ದೆವು. ಸರ್ವರಿನ ಪರದೆಯಲ್ಲಿ ನೋಡಿದರೆ ಫೈಲು ಅಲ್ಲೇ ಇತ್ತು.

“ಹಂಗಾದ್ರ ಒಳಗ ಅದಾರ ಯಾರೋ,” ಎಂದೆ.

ಕಾಕಾ ಎದೆಯ ಮೇಲೆ ಕೈ ಇಟ್ಟುಕೊಂಡರು. “ಅರೆ ದೇವಾ! ಕೋಣ ಆಹೇ ರೇ?” ಯಾರೋ ಅದು ಎಂದು ಕೇಳಿದ್ದರು; ಗಾಬರಿಯಾದಾಗಲೆಲ್ಲ ಅವರ ಬಾಯಿಗೆ ಮರಾಠಿ ಬರುತ್ತಿತ್ತು.

ವಾಯರುಗಳೆಲ್ಲ ಬಂದು ಸೇರುವ ಡಬ್ಬಿಯ ಹತ್ತಿರ ಹೋಗಿ ನೋಡಿದೆ. ನಮ್ಮ ಮೂರರ ದೀಪಗಳು ಆರಿದ್ದವು. ಸರ್ವರಿನದು ಬಿಟ್ಟರೆ ಇನ್ನೊಂದು ದೀಪ ಚಟಪಟ ಮಿನುಗುತ್ತಿತ್ತು. ಅದರ ವಾಯರು ಗೋಡೆಗುಂಟ ಹೋಗಿ ಕಿಟಕಿಯಿಂದ ಹೊರಗೆ ದಾಟಿತ್ತು. ನಾನು ಮುಂದೆ, ಕಾಕಾ ಹಿಂದೆ, ವಾಯರು ಹಿಡಿದು ಹೊರಟೆವು. ಅದು ಖಾಲಿ ಕ್ರೇಟುಗಳ ರಾಶಿಯ ಹಿಂದೆ ಹಾದು, ಪೇರಲ ಗಿಡದ ಟೊಂಗೆಗೆ ಒಂದು ಸುತ್ತು ಹಾಕಿ, ಎಮ್ಮೆ ಕಟ್ಟುವ ಶೆಡ್ಡಿನ ತಗಡಿನ ಮೇಲೆ ಏರಿತ್ತು. ಎಮ್ಮೆ ನಮ್ಮನ್ನು ಕಳ್ಳರನ್ನು ನೋಡಿದಂತೆ ನೋಡಿತು. ಅಲ್ಲಿಂದ ವಾಯರು ನೇರವಾಗಿ ಮಾಲಕರ ಮನೆಯ ಅಡುಗೆಮನೆ ಕಿಟಕಿಯೊಳಗೆ ಹೊಕ್ಕಿತ್ತು.

ಒಳಗೆ ಮಾಲಕರ ಹೆಂಡತಿ ಕೂತಿದ್ದರು. ನಾವೆಲ್ಲ ಅವರನ್ನು ವೈನಿ ಎನ್ನುತ್ತಿದ್ದೆವು. ಮೂಗಿನ ತುದಿಗೆ ಕನ್ನಡಕ, ತೊಡೆಯ ಮೇಲೆ ಬಳ್ಳೊಳ್ಳಿ ಬುಟ್ಟಿ. ಎದುರಿಗೆ ಆಫೀಸಿನ ಹಳೆಯ ಕಂಪ್ಯೂಟರು. ಹೊಸವು ಬಂದಾಗ ಮಕ್ಕಳ ಅಭ್ಯಾಸಕ್ಕಿರಲಿ, ಮನೆಯಿಂದಲೇ ಸ್ಟಾಕ್ ನೋಡಲೂ ಆಗುತ್ತದೆ ಎಂದು ಮಾಲಕರು ಅದನ್ನು ವಾಯರು ಎಳೆಸಿ ಮನೆಗೆ ಒಯ್ದಿದ್ದರು. ಆಮೇಲೆ ಅವರೂ ಮರೆತರು, ನಾವೂ ಮರೆತೆವು. ಪರದೆಯ ಮೇಲೆ ಅವರ ನೆಗೆಣ್ಣಿಯ, ಅಂದರೆ ಅದೇ ಮೈದುನನ ಹೆಂಡತಿಯ, ಲಾಟ್ ತೆರೆದಿತ್ತು. ಷರಾದಲ್ಲಿ ‘ಭಾಳ ಹುಳಿ’ ಆದಮೇಲೆ ‘ಮತ್ತ’ ಎಂದು ಬರೆದು ನಿಂತಿತ್ತು. ಅಷ್ಟರಲ್ಲಿ ಕುಕ್ಕರ್ ಕೂಗಿತ್ತಂತೆ.

“ವೈನಿ, ನೀವ?” ಎಂದೆ.

ಅವರು ಚೂರೂ ಅಳುಕಲಿಲ್ಲ. “ಬರ್ರಿ, ಕುಂಡ್ರಿ. ಚಹಾ ಇಡ್ಲೇನು?”

“ಇದನ್ನ ಹಿಂಗ ಅರ್ಧಕ್ಕ ಬಿಟ್ರ ನಮ್ಮ ಕೆಲಸೆಲ್ಲ ನಿಂದರತೈತ್ರಿ.”

“ನನಗೇನ ಗೊತ್ತವಾ ಅದು? ನಮ್ಮ ಮಾಲಿಗೆ ಎರಡನೇ ಗ್ರೇಡು, ಆಕೀದಕ್ಕ ಒಂದನೇದು. ಬಣ್ಣಾ ನೋಡಿ ಹಾಕ್ತೀರಿ, ಬಾಯಾಗ ಹಾಕ್ಕೊಂಡ ಯಾರ ನೋಡ್ತೀರಿ? ನಾ ತಿಂದ ನೋಡೀನಿ, ಅದಕ್ಕ ಬರದೀನಿ. ಸುಳ್ಳ ಬರದಿದ್ರ ಹೇಳ.”

ಸಂಜೆ ಮಾಲಕರು ಬಂದು ಕೇಳಿದಾಗ ನಾನು ನೆಲ ನೋಡಿದೆ. ಕಾಕಾ ಮುಂದೆ ಬಂದರು.

“ಹೆಗ್ಗಣ್ರಿ ಮಾಲಕ. ವಾಯರ್ ಕಡಿದಿತ್ತು.”

“ಹೆಗ್ಗಣ ಹುಳಿ ಅಂತ ಬರೀತೈತೇನ್ರಿ ಕಾಕಾ?”

“ತಿಂದ ನೋಡಿರಬೇಕ್ರಿ.”

ಮಾಲಕರು ನಮ್ಮಿಬ್ಬರ ಮುಖ ನೋಡಿದರು. ಆಮೇಲೆ ಕಿಟಕಿಯಿಂದ ಹೊರಗೆ ಹೋದ ವಾಯರು ನೋಡಿದರು. ಅದರ ಹಿಂದೆಯೇ ಅವರ ಕಣ್ಣು ಪೇರಲ ಗಿಡ, ಎಮ್ಮೆಯ ಶೆಡ್ಡು ದಾಟಿ ಮನೆಯವರೆಗೂ ಹೋಗಿ ಬಂತು.

“ಆ ಹೆಗ್ಗಣಕ್ಕ ನಾ ಏನ ಔಷಧಾ ಇಡ್ಲಿ,” ಎಂದು ತಲೆ ಕೆರೆದುಕೊಂಡರು. “ಅದರ ಕೈಯಾಗಿನ ಊಟಾ ಮಾಡಿ ಬದುಕೀನಿ.” ಮರುದಿನ ತಾವೇ ಏಣಿ ಹತ್ತಿ ವಾಯರು ಬಿಚ್ಚಿದರು.

ಅದೇ ಮಧ್ಯಾಹ್ನ ವೈನಿ ಚಹಾದ ಥರ್ಮಾಸು ಹಿಡಿದು ಆಫೀಸಿಗೇ ಬಂದರು. “ನನಗ ಹೆಗ್ಗಣ ಅಂದವ್ರು ಯಾರ ನಿಮ್ಮಿಬ್ಬರೊಳಗ?” ಕಾಕಾ ಗೇಟಿನ ಕಡೆ ಓಡಿದ ವೇಗ ನೋಡಿದರೆ ಅವರಿಗೆ ಮಂಡಿನೋವು ಇದೆ ಎಂದು ಯಾರೂ ನಂಬುತ್ತಿರಲಿಲ್ಲ. ವೈನಿ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತರು. ಇನ್ನು ಇಲ್ಲಿಗೇ ಬಂದು ನೋಡಲಿ ಎಂದು, ನೋಡಲಷ್ಟೇ ಬರುವಂತೆ, ಬರೆಯಲು ಬರದಂತೆ ಅವರಿಗೆ ಬೇರೆ ಪಾಸ್‌ವರ್ಡ್ ಮಾಡಿಕೊಟ್ಟೆ. ಅವರು ಹೋದಮೇಲೆ ನಾನೂ ಅಕ್ಕನೂ ಬಾಗಿಲು ಮುಂದೆ ಮಾಡಿ, ಆ ಲಾಟಿನ ಸ್ಯಾಂಪಲ್ ಬಾಯಿಗೆ ಹಾಕಿಕೊಂಡೆವು. ಅಕ್ಕನ ಒಂದು ಕಣ್ಣು ತಾನಾಗಿ ಮುಚ್ಚಿತು. ನಾನು ನೀರು ಕುಡಿದೆ. ಆದರೂ ಷರಾ ಅಳಿಸಿದೆವು.

ಸುದ್ದಿ ನೆಗೆಣ್ಣಿಗೆ ಮುಟ್ಟಲು ತಡವಾಗಲಿಲ್ಲ. ಒಂದು ಮಧ್ಯಾಹ್ನ ವೈನಿ ಪರದೆ ಮುಂದೆ ಕೂತಿದ್ದಾಗಲೇ ಅವರೂ ಬಂದರು. “ಆಕೀಗೆ ಕಾಣೂದು ನನಗೂ ಕಾಣಬೇಕ ನೋಡ,” ಎಂದು ವೈನಿಯ ಪಕ್ಕಕ್ಕೇ ಕುರ್ಚಿ ಎಳೆದರು. ಈಗ ದೊಡ್ಡ ಜಗಳವೇ ಎಂದು ನಾನು ಪ್ರಿಂಟರಿನ ಹಿಂದೆ ಸರಿದೆ. ಇಬ್ಬರೂ ಸ್ವಲ್ಪ ಹೊತ್ತು ಬಿಗಿದುಕೊಂಡು ಪರದೆ ನೋಡಿದರು. ಅಷ್ಟರಲ್ಲಿ ಕಾಗವಾಡದ ಕಡೆಗೆ ಕೊಟ್ಟಿದ್ದ ಅವರಿಬ್ಬರ ನಾದಿನಿಯ ಲಾಟ್ ಪರದೆಗೆ ಬಂತು. ಒಂದನೆಯ ಗ್ರೇಡ್.

“ಇದೇನ ಒಂದನೇದು?” ಎಂದರು ವೈನಿ.

“ನೋಡ್ರಿ ಅಕ್ಕಾ!” ಎಂದರು ನೆಗೆಣ್ಣಿ ವೈನಿಗೆ. ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

“ತಂಗಿ, ಇದರ ಸ್ಯಾಂಪಲ್ ಒಂದೀಟ ತರ್ತೀಯೇನ?”