ನಾನು ತೊಳೆದ ಬಟ್ಟೆಯ ತುಂಡು

ನೀಲಾ, ಬಸು, ನಿಮ್ಮ ಅವ್ವ ಶಾಂತಾ ನನ್ನ ಒಬ್ಬಳೇ ಮಗಳು. ಅವಳಿಗೂ ಹೇಳದ ಒಂದು ಮಾತನ್ನು ನಿಮಗಾಗಿ ಬರೆಯುತ್ತಿದ್ದೇನೆ.

ನಾವು ದುಡಿಯಲು ಬಂದು ನೆಲೆಸಿದ ತೆಲುಗು ಸೀಮೆಯ ಈ ಜೀಡಿಮೆಟ್ಲಾದಲ್ಲಿ, ವಚನ ಹಾಡುವ ನಮ್ಮ ಹೆಂಗಸರ ಅಕ್ಕನ ಬಳಗದಲ್ಲಿ, ಸೋಮವಾರಕ್ಕೊಬ್ಬರು ಎದ್ದು ನಿಂತು ದೇವರ ಕೃಪೆಯ ಅನುಭವ ಹೇಳುತ್ತಾರೆ. "ನಿಮ್ಮ ಮೊಮ್ಮಗಂದು ಹೇಳ್ರಿ" ಎಂದು ನನ್ನನ್ನೂ ಎಬ್ಬಿಸಿದರು. ನಾನು ಊರ ಶಾಲೆಯಲ್ಲಿ ಏಳನೆಯ ತನಕ ಓದಿದವಳು. ನಾಲ್ಕು ಜನರೆದುರು ಬಾಯಿ ಕಟ್ಟುತ್ತದೆ. ಎದ್ದು, ಕೈ ಮುಗಿದು, ಮತ್ತೆ ಕುಳಿತೆ. ಹೇಳಲು ನಾಚಿಕೆಯಷ್ಟೇ ಅಡ್ಡ ಬಂದದ್ದಲ್ಲ. ನನ್ನ ತಪ್ಪನ್ನು ಬಿಟ್ಟು ಆ ಕಥೆಯನ್ನು ಹೇಳಲು ಬರುವುದಿಲ್ಲ.

ಬಸು, ನೀನು ಆಷಾಢದಲ್ಲಿ, ಏಳು ತಿಂಗಳಿಗೇ ಹುಟ್ಟಿದೆ. ಆಸ್ಪತ್ರೆಯಲ್ಲಿ ನಿನ್ನನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಹೊರಗಿನಿಂದ ಒಮ್ಮೆ ನೋಡಿದೆ. ಮೂಗಿನಲ್ಲಿ ನಳಿಕೆ, ಕಾಲು ನನ್ನ ಹೆಬ್ಬೆರಳಿನಷ್ಟು, ಚರ್ಮದೊಳಗಿನ ನರ ಕಾಣುತ್ತಿತ್ತು. ಇದು ಉಳಿಯುವುದಿಲ್ಲ ಎಂದುಕೊಂಡೆ. ಹಾಗೆ ಅಂದುಕೊಂಡದ್ದನ್ನೂ ಬರೆದುಬಿಡುತ್ತೇನೆ.

ಆರನೆಯ ದಿನ ಶಾಂತಾಳನ್ನು ಮನೆಗೆ ಕಳಿಸಿದರು, ನಿನ್ನನ್ನು ಕಳಿಸಲಿಲ್ಲ. ಲಕ್ಷ್ಮಿ ಎಂಬ ಸಿಸ್ಟರ್ ಅವಳ ಕೈಗೆ ಅಂಗೈಯಗಲದ ಎರಡು ಬಟ್ಟೆಯ ತುಂಡು ಕೊಟ್ಟಿದ್ದರು. ಒಂದು ಮಗುವಿನ ಹತ್ತಿರ ಇರುವಾಗ ಇನ್ನೊಂದನ್ನು ತಾನು ಎದೆಯ ಹತ್ತಿರ ಇಟ್ಟುಕೊಂಡಿರಬೇಕು, ಮರುದಿನ ಅದನ್ನು ಮಗುವಿನ ಮಗ್ಗುಲಲ್ಲಿಟ್ಟು ಅಲ್ಲಿದ್ದುದನ್ನು ತರಬೇಕು. ತಾಯಿಯ ವಾಸನೆ ಸಿಕ್ಕರೆ ಮಗುವಿಗೆ ಸಮಾಧಾನವಂತೆ.

"ಅದನ್ನ ತೊಳಿಬ್ಯಾಡ ಅವ್ವಾ" ಎಂದು ಶಾಂತಾ ಹೇಳಿಯೇ ಮಲಗಿದ್ದಳು. ಆ ತುಂಡು ಬೆವರು, ಹುಳಿಯಾದ ಹಾಲು ನಾರುತ್ತಿತ್ತು. ಎಳೆಗೂಸಿನ ಮಗ್ಗುಲಲ್ಲಿ ಇಂಥ ಹೊಲಸೇ? ಹಸಿ ಬಾಣಂತಿಗೆ ಏನು ತಿಳಿಯುತ್ತದೆ? ಸೋಪು ಹಚ್ಚಿ ತೊಳೆದೆ. ಕೆಂಡದ ಮೇಲೆ ಲೋಬಾನ ಹಾಕಿ ಹೊಗೆ ಹಿಡಿಸಿದೆ. ನೀಲಾ, ನಿನ್ನ ಕುಂಚಿಗೆಗೂ ಹೀಗೆಯೇ ಹೊಗೆ ಹಾಕುತ್ತಿದ್ದೆ. ಬೆಳಿಗ್ಗೆ ನಿಮ್ಮ ಅಪ್ಪ ಮಲ್ಲಪ್ಪನವರು ಹಾಲಿನ ಡಬ್ಬಿಯ ಜೊತೆ ಅದನ್ನು ಒಯ್ದರು.

ಮಧ್ಯಾಹ್ನ ಅವರ ಫೋನು ಬಂತು. "ಅತ್ತಿ, ಕೂಸಿನ ಉಸಿರು ಮೂರು ಸಲ ನಿಂತು ಬಂದೈತ್ರಿ. ಬಟ್ಟಿ ಹೊಗಿ ನಾತ ಹೊಡಿತೈತಿ ಅಂತ ತಗದು ಕಸಕ್ಕ ಹಾಕಿದ್ರು."

ಶಾಂತಾಳಿಗೆ ಆಗಲೇ ಜ್ವರ ಏರಿತ್ತು. ಅವಳು "ಏನಂದ್ರು?" ಎಂದಳು. "ಆರಾಮ ಐತಂತ" ಎಂದೆ. ನೆರೆಯವಳನ್ನು ಅವಳ ಹತ್ತಿರ ಕೂರಿಸಿ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಕೊರಳಿನ ಲಿಂಗದ ಕರಡಿಗೆಯನ್ನು ಮುಟ್ಟಲು ಧೈರ್ಯವಾಗಲಿಲ್ಲ. ಯಾವ ಬಾಯಿಂದ ಬೇಡಲಿ?

ಲಕ್ಷ್ಮಿ ಸಿಸ್ಟರ್ ಗಡಿಯ ನಾರಾಯಣಪೇಟೆಯವರು, ನಮ್ಮ ಕನ್ನಡ ಬರುತ್ತಿತ್ತು. ಬಾಗಿಲಲ್ಲೇ ಹೇಳಿದೆ: "ನಾನ ತೊಳ್ದೀನ್ರಿ. ಹೊಗಿ ಹಾಕಿದಾಕಿನೂ ನಾನ."

ಅವರು ನನ್ನನ್ನು ಬಾಗಿಲ ಬದಿಗೆ ಕರೆದು ಹೇಳಿದರು: "ಇಷ್ಟು ಸಣ್ಣ ಕೂಸುಗಳು ಉಸಿರಾಡೋದು ಮರಿತಾವಮ್ಮಾ. ಹೊಗಿಯಿಂದನ ಅಂತ ನಾ ಹೇಳಂಗಿಲ್ಲ. ಅಲ್ಲ ಅಂತನೂ ಹೇಳಂಗಿಲ್ಲ."

ಇವತ್ತಿಗೂ ನನಗೆ ಗೊತ್ತಿರುವುದು ಅಷ್ಟೇ.

"ತಾಯಿಗೆ ಜ್ವರ, ಒಳಗ ಬಿಡಂಗಿಲ್ಲ" ಎಂದರು. "ನಿಮ್ಮ ಅಳಿಯಾರು ಸಿಮೆಂಟಿಗೆ ಕೈ ಒಡದಾವ ಅಂತ ಮುಟ್ಟಾಕ ಅಂಜ್ತಾರ. ಕೂಸಿನ ಮ್ಯಾಲೆ ಕೈ ಇಡಾಕ ನೀವ ಬರ್ರಿ."

"ನಾ ಗಂಡ ಇಲ್ಲದಾಕಿ ಅದೀನ್ರಿ. ತೊಟ್ಟಿಲ ಕಾರ್ಯದಾಗೂ ಹಿಂದ ಕೂಡಾಕಿ. ಮೊದಲ ಕೈ ನಂದು ಬ್ಯಾಡ."

"ಇಲ್ಲಿ ಯಾರೂ ತೊಟ್ಟಿಲ ಕಟ್ಟಿಲ್ಲ. ಬಳಿ, ಉಂಗುರ ತಗದು ಮೊಣಕೈ ತನ ತೊಳ್ಕೋರಿ."

ನಾನು ಬಳೆಯಿಲ್ಲದ ಎರಡೂ ಕೈ ಚಾಚಿದೆ. ಅವರು ನೋಡಿದರು. "ಎಲ್ಲಾರ ಬಳಿ ಬಿಚ್ಚಸೂದ ನನಗ ದೊಡ್ಡ ಕೆಲಸ. ನೀವು ತಯಾರಾಗೇ ಬಂದೀರಿ" ಎಂದು ನಲ್ಲಿ ತಿರುಗಿಸಿದರು.

ಒಂದು ಕೈ ನಿನ್ನ ತಲೆಗೆ, ಒಂದು ಕೈ ಮಡಿಸಿದ ಪಾದಗಳಿಗೆ ಇಡಿಸಿದರು. "ಸವರಬ್ಯಾಡ್ರಿ, ತಟ್ಟಬ್ಯಾಡ್ರಿ. ಹೊಟ್ಟ್ಯಾಗ ಇದಕ್ಕ ಸುತ್ತ ಗೋಡಿ ಇತ್ತು. ಈಗ ನಿಮ್ಮ ಕೈನ ಗೋಡಿ. ಇಟ್ಟು ಸುಮ್ಮನಿರ್ರಿ."

ಸ್ವಲ್ಪ ಹೊತ್ತಿಗೆ ಯಂತ್ರ ಕೂಗಿತು. ನನ್ನ ಕೈಯ ಕೆಳಗೇ ನಿನ್ನ ಉಸಿರು ನಿಂತಿತ್ತು. ನನ್ನ ಕೈಯೇ ಕೆಟ್ಟದ್ದು ಎಂದು ತೆಗೆಯಹೋದೆ. "ತಲಿ ಮ್ಯಾಲಿಂದು ತಗಿಬ್ಯಾಡ್ರಿ!" ಎಂದು ಸಿಸ್ಟರ್ ನಿನ್ನ ಅಂಗಾಲು ಉಜ್ಜಿದರು. ಉಸಿರು ಬಂತು. ಮತ್ತೊಮ್ಮೆ ನಿಂತಿತು, ಮತ್ತೆ ಬಂತು.

ಆಗ ನಾನು ಜೀವ ಉಳಿಸೆಂದು ಬೇಡಲಿಲ್ಲ. ಶಿವನೇ, ನನ್ನ ತಪ್ಪಿಗೆ ಈ ಕೂಸನ್ನು ಹಿಡಿಯಬೇಡ, ನನ್ನನ್ನು ಹಿಡಿ ಎಂದೆ. ನಿಮ್ಮ ಅಜ್ಜ ತೀರಿದ ಮೇಲೆ ದಿನವೂ ಬೆಳಿಗ್ಗೆ ಎಡಗೈಯಲ್ಲಿ ಲಿಂಗವಿಟ್ಟುಕೊಂಡು ಅಲುಗದೆ ಕುಳಿತಿದ್ದೇನೆ. ಅಷ್ಟು ವರ್ಷ ಕೇಳಿದ್ದಕ್ಕೆ ಉತ್ತರ ಬಂದದ್ದಿಲ್ಲ. ಆ ಪೆಟ್ಟಿಗೆಯ ಮುಂದೆ ಎರಡು ತಾಸು ನನ್ನ ಕೈ ಅಲುಗಲಿಲ್ಲ. ಸಿಸ್ಟರ್ ಬಂದು, "ಎಲ್ಲಿ ಕಲಿತ್ರಿ ಇದನ್ನ? ಕಲಿತವರ ಕೈನೂ ನಡಗತಾವು" ಎಂದರು. ನನಗೆ ಅಳು ಬಂತು. ಕೈ ಬಿಡಬಾರದಲ್ಲ, ಕಣ್ಣು ಒರೆಸಿಕೊಳ್ಳದೆ ಅತ್ತೆ.

ಆಮೇಲಿನ ನಾಲ್ಕು ದಿನವೂ ಯಂತ್ರ ಕೂಗಿತು. ಪಕ್ಕದ ಪೆಟ್ಟಿಗೆ ಒಂದು ಬೆಳಿಗ್ಗೆ ಖಾಲಿಯಾಗಿತ್ತು. ಅದರ ತಾಯಿ ತನ್ನ ಬಟ್ಟೆಯ ತುಂಡು ಹಿಡಿದುಕೊಂಡು ಮೆಟ್ಟಿಲ ಮೇಲೆ ಕುಳಿತಿದ್ದಳು. ಅವಳು ಏನನ್ನೂ ತೊಳೆದಿರಲಿಲ್ಲ. ಅವಳಿಗೆ ಸಿಗದ ಕೃಪೆ ನನಗೇಕೆ ಸಿಕ್ಕಿತು ಎಂದು ನನಗೆ ತಿಳಿಯದು.

ಐದನೆಯ ದಿನ ನಾನು ಕುಳಿತಷ್ಟು ಹೊತ್ತೂ ಯಂತ್ರ ಕೂಗಲಿಲ್ಲ. ಆ ಫೋನು ಬಂದ ಮೇಲೆ ಅಂದೇ ಮೊದಲ ಸಲ ಕರಡಿಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೆ. ಜ್ವರ ಇಳಿದ ಶಾಂತಾ ಬಂದಳು, ನಿನ್ನನ್ನು ಬರಿಯ ಎದೆಗೆ ಕಟ್ಟಿಕೊಂಡು ದಿನಗಟ್ಟಲೆ ಕುಳಿತಳು. ಶ್ರಾವಣ ಮುಗಿದು ಎಷ್ಟೋ ದಿನದ ಮೇಲೆ ನಿನ್ನನ್ನು ಮನೆಗೆ ಕೊಟ್ಟರು.

ಶಿವ ನನ್ನ ತಪ್ಪನ್ನು ಅಳಿಸಲಿಲ್ಲ. ತಪ್ಪು ಮಾಡಿದ ಅದೇ ಕೈಗೆ ಕೆಲಸ ಕೊಟ್ಟ. ನನ್ನ ನಂಬಿಕೆ ಅಷ್ಟರ ಮೇಲೆ ನಿಂತಿದೆ.

ನಿಮ್ಮ ಶಾಲೆಯಲ್ಲಿ ಕನ್ನಡವಿಲ್ಲ. ಇದನ್ನು ಅವ್ವನ ಕೈಯಿಂದ ಓದಿಸಿಕೊಳ್ಳಬೇಕಾಗುತ್ತದೆ. ಆಗ ಅವಳಿಗೂ ಗೊತ್ತಾಗಲಿ. ಅವಳು ಸಿಟ್ಟಾದರೆ ಆಗಲಿ, ನೀವು ನಡುವೆ ಬರಬೇಡಿ. ಅವಳು ಒಪ್ಪಿದರೆ ಬಳಗದವರಿಗೂ ಕೊಡಿ. ಈ ಹಾಳೆಗಳ ನಡುವೆ ಕಸಕ್ಕೆ ಹೋಗದೆ ಉಳಿದ ಆ ಎರಡನೆಯ ಬಟ್ಟೆಯ ತುಂಡು ಇದೆ. ಹಾಳೆ, ಬಟ್ಟೆ ಎರಡನ್ನೂ ಜೋಪಾನವಾಗಿ ಇಟ್ಟುಕೊಳ್ಳಿ ಮಕ್ಕಳೇ. ಬಟ್ಟೆಯನ್ನು ತೊಳೆಯಬೇಡಿ.