ನೊಗದ ಭಾರ

ನನ್ನ ಬಾಯಿ ಸರಿ ಇಲ್ಲ. ಇದನ್ನ ನಾನೇ ಮೊದಲು ಹೇಳಿಬಿಡೋದು ವಾಸಿ. ಇಲ್ಲದಿದ್ದರೆ ಬೀರೂರಿನ ನನ್ನ ಅಂಗಡಿಗೆ ಮೋಟಾರ್ ರಿಪೇರಿಗೆ ಬಂದವರು ಯಾರಾದರೂ ಹೇಳ್ತಾರೆ. ಪಂಪ್‌ಸೆಟ್ ಸುಟ್ಟುಕೊಂಡು ತಂದವನಿಗೆ ಮೊದಲು ಬೈಗುಳ, ಆಮೇಲೆ ಟೀ, ಆಮೇಲೆ ರಿಪೇರಿ. ಬೈಸಿಕೊಂಡವರು ನಕ್ಕೊಂಡು ಹೋಗ್ತಾರೆ. ಒಬ್ಬನಿಗೆ ಮಾತ್ರ ನಾನು ಬೈದವನಲ್ಲ, ನಮ್ಮಣ್ಣನಿಗೆ. ಬೈದದ್ದು ಒಂದೇ ಸಲ. ಅವನು ಹೋಗಿ ವರ್ಷವಾಯ್ತು, ಆ ಒಂದು ಸಲ ಇನ್ನೂ ಎದೆಯಲ್ಲಿ ಕೂತಿದೆ.

ಅಪ್ಪ ಸತ್ತಾಗ ನನಗೆ ಆರು ವರ್ಷ, ಅಣ್ಣನಿಗೆ ಇಪ್ಪತ್ತು. ಅಜ್ಜಂಪುರದ ಕಡೆಯಿಂದ ಬೀರೂರಿಗೆ ಎತ್ತಿನ ಗಾಡಿಯಲ್ಲಿ ಈರುಳ್ಳಿ ಹೇರಿ ನನ್ನನ್ನ ಓದಿಸಿದ. ಮದುವೆ ಮಾಡಿಕೊಳ್ಳಲಿಲ್ಲ, ಕೊನೆತನಕ ನಮ್ಮ ಜೊತೆಗೇ ಇದ್ದ. ವಯಸ್ಸಾದ ಮೇಲೆ ಶ್ವಾಸಕೋಶ ಕೈಕೊಟ್ಟಿತು. ಮಲಗುವಾಗೆಲ್ಲ ಆಕ್ಸಿಜನ್ ಮೆಷಿನ್ ಬೇಕು. ಅಂಗಾತ ಮಲಗಿದರೆ ಉಸಿರು ಕಟ್ಟುತ್ತೆ, ತಲೆಯ ಕಡೆ ಎತ್ತರ ಇರಬೇಕು.

ಒಂದು ದಿನ ಊಟ ಮಾಡ್ತಾ ಇದ್ದವನು ಸುಮ್ಮನೆ ಅಂದ, "ಬುಕ್ಕಾಂಬುಧಿ ಕೆರೆ ಹತ್ರ ಗಾಡಿ ಬಿಟ್ಟು ಮಲಗ್ತಿದ್ವಿ ಕಣೋ. ಇನ್ನೊಂದ್ಸಲ ಹಂಗೆ ಬಯಲಲ್ಲಿ ಮಲಗ್ಬೇಕು ಅನ್ನಿಸ್ತದೆ." ನಾನು ಹುಟ್ಟಿದಾಗಿನಿಂದ ಅವನು ನನ್ನ ಹತ್ತಿರ ಏನನ್ನೂ ಕೇಳಿದವನಲ್ಲ. ಆಸೆ ತೀರಿಸದೇ ಅವನನ್ನ ಕಳಿಸಬಾರದು ಅಂತ ಆವತ್ತೇ ಗಟ್ಟಿ ಮಾಡಿಕೊಂಡೆ.

ನನ್ನ ಹತ್ತಿರ ಹಳೇ ಫೋರ್ ವೀಲ್ ಜೀಪಿತ್ತು. ಕೆಸರಿರಲಿ, ಕಲ್ಲಿರಲಿ, ಹೋಗೋದು. ಆದರೆ ಅದರಲ್ಲಿ ಮಂಚ ಹಿಡಿಯಲ್ಲ. ತರೀಕೆರೆಯಲ್ಲಿ ಟ್ರಾಕ್ಟರ್ ಟ್ರೈಲರ್ ಮಾಡೋ ವೆಲ್ಡರ್ ಒಬ್ಬರಿದ್ದರು, ಅವರ ಕೈಯಲ್ಲಿ ಎರಡು ಚಕ್ರದ ಸಣ್ಣ ಟ್ರೈಲರ್ ಮಾಡಿಸಿದೆ. ಜೀಪಿನ ಟೈರೇ ಅದಕ್ಕೂ ಹಾಕಿಸಿದೆ, ಒಂದು ಸ್ಟೆಪ್ನಿ ಎರಡಕ್ಕೂ ಆಗಲಿ ಅಂತ. ತಲೆಕಡೆ ಏರಿಸೋ ಕಬ್ಬಿಣದ ಮಂಚ, ಮೇಲೆ ಬಿಚ್ಚಿ ಕಟ್ಟೋ ಟಾರ್ಪಾಲು, ಮೆಷಿನ್ ನಡೆಸೋಕೆ ಎರಡು ದೊಡ್ಡ ಬ್ಯಾಟರಿ, ಒಂದು ಇನ್ವರ್ಟರ್. ವೈರಿಂಗ್ ಪೂರ್ತಿ ನಾನೇ ಮಾಡಿದೆ. ಲಿಂಗಪೂಜೆ ಆಗದೇ ಅಣ್ಣ ಬಾಯಿಗೆ ನೀರೂ ಹಾಕಲ್ಲ, ಅದಕ್ಕೆ ವಿಭೂತಿ ಗಟ್ಟಿ ಇಡೋಷ್ಟು ಒಂದು ಹಲಗೆ ಕೂರಿಸಿದೆ. ಮೆಷಿನ್ನನ್ನ ಅಂಗಡಿಯಲ್ಲಿ ಸಂಜೆಯಿಂದ ಬೆಳಗಿನವರೆಗೆ ಬ್ಯಾಟರಿ ಮೇಲೇ ಓಡಿಸಿ ನೋಡಿದೆ. ಅದು ನಿಂತರೆ ಅವನ ಉಸಿರೂ ನಿಂತ ಹಾಗೆ, ತಮಾಷೆಯಲ್ಲ.

ಅಣ್ಣ ದಿನಾ ಕುರ್ಚಿ ಹಾಕಿಕೊಂಡು ಕೂತು ನೋಡೋನು. ಏನಾದರೂ ಎತ್ತಿಕೊಡೋಕೆ ಬಂದರೆ ನಾನು, "ನೀನು ಮುಟ್ಬೇಡ, ಸುಮ್ನೆ ಕೂತ್ಕೋ" ಅಂತಿದ್ದೆ. ಪ್ರೀತಿಗೇ ಅಂದದ್ದು. ಆದರೂ ಕೈ ಹಿಂದಕ್ಕೆ ತಗೊಳ್ಳುವಾಗ ಅವನ ಮುಖ ನೋಡಬೇಕಿತ್ತು, ನೋಡಲಿಲ್ಲ.

ಹೊರಡೋ ದಿನ ಸಾಮಾನೆಲ್ಲ ಹೇರಿ ಡೀಸೆಲ್ ಹಾಕಿಸೋಕೆ ಹೋದೆ. ಐದು ಕ್ಯಾನು ನೀರು, ಗ್ಯಾಸು, ಟೂಲ್ ಬಾಕ್ಸು, ಭಾರದ್ದೆಲ್ಲ ಟ್ರೈಲರಿನ ಮುಂಭಾಗಕ್ಕೆ ಇಟ್ಟಿದ್ದೆ, ಮೆಷಿನ್ ಮಾತ್ರ ಜೀಪಿನಲ್ಲಿ. ಬಂದು ನೋಡ್ತೀನಿ, ಟಾರ್ಪಾಲು ಮುಚ್ಚಿ, ಹಗ್ಗ ಬಿಗಿದು, ಅಣ್ಣ ಬಿಳಿ ಪಂಚೆ ಉಟ್ಟು ಜೀಪಿನಲ್ಲಿ ಕೂತುಬಿಟ್ಟಿದ್ದಾನೆ. "ಎಲ್ಲಾ ಕಟ್ಟಾಯ್ತು, ನಡಿ" ಅಂದ. ಮಗುವಿನಷ್ಟು ಖುಷಿಯಾಗಿದ್ದ. ನಾನು ಬಿಚ್ಚಿ ನೋಡಲಿಲ್ಲ. ಟ್ರೈಲರಿನ ಕೊಂಡಿ ಹಾಕಿ ಹೊರಟುಬಿಟ್ಟೆ.

ಅಜ್ಜಂಪುರಕ್ಕೆ ಇನ್ನೂ ದೂರ ಇರುವಾಗ ಒಂದು ಇಳಿಜಾರು. ಟ್ರೈಲರ್ ಹಿಂದೆ ಬಾಲ ಆಡಿಸೋಕೆ ಶುರು ಮಾಡಿತು. ಬ್ರೇಕ್ ಒತ್ತಿದೆ, ಇನ್ನೂ ಜೋರಾಯ್ತು. ಕೊಂಡಿ ಕಿತ್ತು ಚರಂಡಿಗೆ ಮಗುಚಿಕೊಂಡಿತು. ಜೀಪು ನಿಂತಿತು, ನಮಗೇನೂ ಆಗಲಿಲ್ಲ, ದೇವರು ದೊಡ್ಡವನು. ಇಳಿದು ಓಡಿದೆ. ನೀರಿನ ಕ್ಯಾನೆಲ್ಲ ಒಡೆದು ಹಿಂಬದಿಯಲ್ಲಿ ಬಿದ್ದಿವೆ. ಗ್ಯಾಸೂ ಹಿಂದೆ, ಟೂಲ್ ಬಾಕ್ಸೂ ಹಿಂದೆ.

ಅಣ್ಣ ಮೆಲ್ಲಗೆ ಇಳಿದು ಬಂದ. "ನೊಗದ ಮೇಲೆ ಭಾರ ಬಿದ್ದಿತ್ತು ಕಣೋ. ಎದುರುಮನೆಯವರ ಕೈಲಿ ಹಿಂದಕ್ಕೆ ಇಡಿಸ್ದೆ. ಕತ್ತು ನೋಯಬಾರ್ದು ಅಂತ."

ಗಾಡಿ ಹೊಡೆದವರಿಗೆ ಇದು ಕೈಗೇ ಬಂದಿರುತ್ತೆ. ಎತ್ತಿನ ಕತ್ತಿಗೆ ಹಗುರಾಗಲಿ ಅಂತ ಭಾರ ಹಿಂದಕ್ಕೆ ಸರಿಸಿ ಹೇರೋದು. ನಲವತ್ತು ವರ್ಷ ಅವನು ಹಾಗೇ ಹೇರಿದ್ದ. ಅಷ್ಟರಲ್ಲಿ ಸುತ್ತ ಜನ ಸೇರಿದ್ದರು. ನನಗೆ ತಲೆ ಕೆಟ್ಟಿತ್ತು. "ಎತ್ತಿನ ಗಾಡಿ ಅಂದ್ಕೊಂಡ್ಯಾ ಇದನ್ನ? ನಿನ್ ಕಾಲ ಮುಗೀತು ಕಣೋ! ಸುಮ್ನೆ ಒಂದ್ಕಡೆ ಬಿದ್ದಿರೋಕಾಗಲ್ವಾ?" ಅಂತ ಕೂಗಿದೆ.

ಅಣ್ಣ ಹೋಗಿ ಜೀಪಿನಲ್ಲಿ ಕೂತ. ಮನೆ ಮುಟ್ಟೋವರೆಗೂ ಅವನ ಉಸಿರಿನ ಸದ್ದು ಬಿಟ್ಟರೆ ಬೇರೆ ಮಾತಿಲ್ಲ.

ಸಂಜೆ ಹೆಂಡತಿ ನನ್ನ ತಟ್ಟೆಗೆ ಮುದ್ದೆ ಹಾಕ್ತಾ ಅಂದಳು, "ನೀವಂದ ಮಾತನ್ನ ಭಾವನ್ನ ನೋಡೋ ಡಾಕ್ಟ್ರೂ ಅಂದಿರ್ಲಿಲ್ಲ ಕಣ್ರೀ." ಆ ಮುದ್ದೆ ನನ್ನಿಂದ ಮುರಿಯೋಕಾಗಲಿಲ್ಲ.

ಅಣ್ಣ ಆಮೇಲೆ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಕರೆದರೆ ಊಟಕ್ಕೆ ಬರೋನು, ಕೇಳಿದ್ದಕ್ಕೆ ಹ್ಞೂಂ ಅನ್ನೋನು. ನಾನು ಟ್ರೈಲರನ್ನ ಲಾರಿಗೆ ಹಾಕಿಸಿ ತರೀಕೆರೆಗೆ ಒಯ್ದೆ. ವೆಲ್ಡರ್ ನಡೆದದ್ದೆಲ್ಲ ಕೇಳಿ, ಕೊಂಡಿಯನ್ನ ತಿರುಗಿಸಿ ನೋಡಿ, "ಜೀಪಿನ ಟ್ರೈಲರಿಗೆ ಮೂತಿ ಭಾರ ಇರ್ಬೇಕು, ಇಲ್ದಿದ್ರೆ ಬಾಲ ಆಡಿಸ್ತದೆ. ಅಣ್ಣಾವ್ರಿಗೆ ಹೇಳಿರ್ಲಿಲ್ವಾ?" ಅಂದರು. ಹೇಳಿರಲಿಲ್ಲ. ಮುಟ್ಬೇಡ ಅಂತ ನೂರು ಸಲ ಹೇಳಿದ್ದೆ, ಯಾಕೆ ಅಂತ ಒಂದು ಸಲವೂ ಹೇಳಿರಲಿಲ್ಲ. ಥೂ ನನ್ನ ಜನ್ಮಕ್ಕೆ ಅನ್ನಿಸಿತು.

ಮೂರು ವಾರ ಬೇಕಾಯ್ತು ಎಲ್ಲ ಸರಿ ಮಾಡೋಕೆ. ಅಷ್ಟರಲ್ಲಿ ಅಣ್ಣ ಇಳಿದುಹೋಗಿದ್ದ, ಹಗಲೂ ಮೆಷಿನ್ ಬೇಕಾಗ್ತಿತ್ತು. ಒಂದು ಬೆಳಿಗ್ಗೆ ಪೂಜೆ ಮುಗಿಸಿ ಕೂತಿದ್ದವನ ಮುಂದೆ ಹೋಗಿ ನಿಂತೆ. "ಗಾಡಿ ರೆಡಿ ಇದೆ" ಅಂದೆ. ಕೈಯಲ್ಲಿದ್ದ ವಿಭೂತಿ ಉಜ್ಜಿಕೊಂಡ. ಆಮೇಲೆ, "ಪಂಚೆ ತಗೊಂಬಾ" ಅಂದ.

ಜೀಪಿನಲ್ಲೇ ಅವನಿಗೆ ಮೆಷಿನ್ ಹಾಕಿ, ದಾರಿಯುದ್ದಕ್ಕೂ ನಿಧಾನ ಹೋದೆ. ಮಧ್ಯಾಹ್ನ ಬುಕ್ಕಾಂಬುಧಿ ಕೆರೆ ಮುಟ್ಟಿದ್ವಿ. ಒಂದು ಮರದ ಕೆಳಗೆ ಟ್ರೈಲರ್ ಬಿಚ್ಚಿದೆ. ಅಣ್ಣ ಬಂದು ಜೀಪಿನ ಹಿಂದೆ, ಕೊಂಡಿ ಕೂತಿದ್ದ ಜಾಗವನ್ನ ಅಂಗೈಯಿಂದ ಉಜ್ಜಿದ. ನೊಗ ಬಿಚ್ಚಿದ ಮೇಲೆ ಎತ್ತಿನ ಕತ್ತನ್ನ ಅವನು ಹಾಗೇ ಉಜ್ಜುತ್ತಿದ್ದದ್ದು ನನಗೆ ನೆನಪಿದೆ.

ಮಂಚ ಏರಿಸಿ ಮಲಗಿಸಿದೆ. ಮೆಷಿನ್ ಗುಂಯ್ ಅಂತ ಓಡ್ತಾ ಇತ್ತು. ಕೆರೆಯ ಮೇಲೆ ಬಿಸಿಲು ಇಳಿದಿತ್ತು. ತಡೆಯೋಕಾಗಲಿಲ್ಲ. "ಅಣ್ಣಾ, ಅವತ್ತು ನಾನಂದದ್ದು..."

"ನಿಜಾನೇ ಅಂದೆ ಬಿಡು. ನನ್ ಕಾಲ ಮುಗೀತಾ ಬಂತು, ನಂಗೊತ್ತಿಲ್ವಾ?" ಉಸಿರು ತಗೊಂಡ. "ಆದ್ರೆ ಅದನ್ನ ನಿನ್ ಬಾಯಿಂದ ಕೇಳೋಕೆ ನಿನ್ನ ಸಾಕಿರ್ಲಿಲ್ಲ ಕಣೋ."

ಅವನ ಕಾಲು ಹಿಡಿದುಕೊಂಡು ಅತ್ತೆ. ಐವತ್ತು ದಾಟಿದವನು, ನಾಚಿಕೆಯಾಗಲಿಲ್ಲ. ಅವನು ತಲೆ ಮೇಲೆ ಕೈ ಇಟ್ಟ. "ಏಳು, ಸಾಕು. ಮುಂದಕ್ಕೆ ಯಾಕೆ ಭಾರ ಇಡ್ಬೇಕು, ಅದ್ನ ಹೇಳು" ಅಂದ. ಕಣ್ಣೊರೆಸಿಕೊಂಡು ಹೇಳಿದೆ. ಮಣ್ಣಿನಲ್ಲಿ ಕಡ್ಡಿಯಿಂದ ಗೀಚಿ ತೋರಿಸಿದೆ. ಪೂರ್ತಿ ಕೇಳಿ ತಲೆಯಾಡಿಸಿದ. "ಸರಿ. ಬೆಳಿಗ್ಗೆ ನಾನೇ ನಿಂತು ಹೇರಿಸ್ತೀನಿ. ನೀನು ನಾನ್ ಹೇಳ್ದಷ್ಟು ಮಾಡು, ಮಧ್ಯೆ ಬಾಯಿ ಹಾಕ್ಬೇಡ."

ಬೆಳಿಗ್ಗೆ ಮಂಚದ ಮೇಲೆ ಕೂತೇ ಬೆರಳು ತೋರಿಸಿ ಒಂದೊಂದನ್ನೂ ಇಡಿಸಿದ. ಭಾರದ್ದೆಲ್ಲ ಮುಂದಕ್ಕೆ. ನಾನು ಬಾಯಿ ಹಾಕಲಿಲ್ಲ.