ಬುಡವಿಲ್ಲದ ಚಿಮ್ನಿ

ನೈರೋಬಿಯಲ್ಲಿ ಮಗಳು ಶೈಲಾ ಬಾಡಿಗೆಗೆ ಹಿಡಿಯಲಿರುವ ಮನೆಯ ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ಯಾವುದೋ ಕಾಲದಲ್ಲಿ ಇಂಗ್ಲೆಂಡಿನವನೊಬ್ಬ ಕಾಫಿ ತೋಟದ ನಡುವೆ ಕಟ್ಟಿಸಿದ ಫಾರ್ಮ್‌ಹೌಸ್. ಸೂರಿನಿಂದ ಎದ್ದ ಕಲ್ಲಿನ ಚಿಮ್ನಿ ನೋಡಿದರೆ, ಕಾನ್ವೆಂಟಿನ ಡ್ರಾಯಿಂಗ್ ಕ್ಲಾಸಿನಲ್ಲಿ ನಾವು ಬಿಡಿಸುತ್ತಿದ್ದ ಕಾಟೇಜ್‌ನ ನೆನಪು. ಆಮೇಲೆ ಬಂದವರೆಲ್ಲ ಒಂದೊಂದು ಕೈ ಹಚ್ಚಿದ್ದಾರೆ. ವರಾಂಡಕ್ಕೆ ಗಾಜು ಬಂದಿದೆ, ಅಡುಗೆಮನೆಗೆ ಕಾಂಕ್ರೀಟು ತಾರಸಿ.

ಮೊಮ್ಮಗಳು ತಾರಾ ತನಗೆಂದು ಆರಿಸಿಕೊಂಡ ಕೋಣೆ ಚಿಮ್ನಿಯ ನೇರ ಕೆಳಗಿದೆ. ಆದರೆ ಚಿಮ್ನಿಗೆ ಬುಡವಾಗಿರಬೇಕಿದ್ದ ಫೈರ್‌ಪ್ಲೇಸ್ ಅಲ್ಲಿಲ್ಲ. ಕೋಣೆ ದೊಡ್ಡದಾಗಲೆಂದು ಹಿಂದಿನ ಬಾಡಿಗೆದಾರರು ಅದನ್ನು ಒಡೆಸಿದರಂತೆ.

"ಹಾಗಾದ್ರೆ ಮೇಲಿನ ಚಿಮ್ನಿ ಯಾವುದರ ಮೇಲೆ ನಿಂತಿದೆ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ಹಕುನಾ ಶಿದಾ, ಮಮಾ," ಏನೂ ತೊಂದರೆಯಿಲ್ಲ ಎಂದು ಮನೆ ತೋರಿಸುತ್ತಿದ್ದ ಕೇರ್‌ಟೇಕರ್ ನಕ್ಕ.

"ಅಷ್ಟು ಕಲ್ಲು ಮಗು ತಲೆ ಮೇಲಿದೆ ಕಣೇ," ಎಂದೆ ಶೈಲಾಗೆ.

"ಅಮ್ಮಾ, ಪ್ಲೀಸ್. ಇಷ್ಟು ವರ್ಷ ನಿಂತಿದೆಯಲ್ಲ. ಇಟ್ಸ್ ಪರ್ಫೆಕ್ಟ್‌ಲಿ ಸೇಫ್."

"ಅಜ್ಜೀ, ಯು ವರಿ ಟೂ ಮಚ್," ಎಂದಳು ತಾರಾ.

ಅದೂ ನಿಜವೇ. ಆದರೆ ಸೀಲಿಂಗಿನ ಹೊಸ ಬಣ್ಣದಲ್ಲಿ ಕೂದಲೆಳೆಯಂಥ ಬಿರುಕೊಂದು ಕಂಡಿತು.

"ಸರಿ, ಸೇಫ್ ಅಂದ ಮೇಲೆ ನಾನಿರೋವರೆಗೂ ಈ ರೂಮ್ ನನಗೇ ಇರಲಿ. ಮಂಚ ಇಲ್ಲೇ ಹಾಕಿಸು," ಎಂದೆ.

ಶೈಲಾ ತಲೆಯೆತ್ತಿ ಆ ಬಿರುಕನ್ನು ನೋಡಿದಳು.

"ನೀನಿಲ್ಲಿ ಮಲಗೋದು ಬೇಡಮ್ಮ," ಎಂದಳು.

ಈಗವಳು ಗೇಟಿನ ಹತ್ತಿರ ನಿಂತು ಗುರುತಿನ ಇಂಜಿನಿಯರ್ ಒಬ್ಬರಿಗೆ ಫೋನ್ ಮಾಡುತ್ತಿದ್ದಾಳೆ. ತಾರಾ ಮತ್ತೆ ಒಳಗೆ ಓಡಿದಳು. ಬರೆದದ್ದು ಸಾಕು, ಹೋಗಿ ಅವಳನ್ನು ಹೊರಗೆ ಕರೆತರಬೇಕು.